ಮುನ್ನೂರು ಡಾಲರ್, ಅರ್ಧ ಚದರ

1894ರ ಏಪ್ರಿಲ್ 14ರಂದು ಮ್ಯಾನ್‌ಹಾಟನ್‌ನ ಬ್ರಾಡ್‌ವೇ ರಸ್ತೆಯ 1155ನೇ ನಂಬರಿನ ಅಂಗಡಿಯಲ್ಲಿ ಹತ್ತು ಮರದ ಪೆಟ್ಟಿಗೆಗಳು ಐದೈದರ ಎರಡು ಸಾಲಾಗಿ ನಿಂತಿದ್ದವು. 25 ಸೆಂಟ್ ಕೊಟ್ಟರೆ ಒಂದು ಸಾಲು, 50 ಕೊಟ್ಟರೆ ಎರಡೂ. ನೆತ್ತಿಯ ಮೇಲಿನ ಕಿಂಡಿಗೆ ಕಣ್ಣಿಟ್ಟು ಬಗ್ಗಿದರೆ ಒಳಗೆ ಅರ್ಧ ನಿಮಿಷವೂ ತುಂಬದ ಚಲಿಸುವ ಚಿತ್ರ. ನಮ್ಮೂರ ಜಾತ್ರೆಗಳ ಬಯಾಸ್ಕೋಪ್ ಪೆಟ್ಟಿಗೆಯ ಹಾಗೆಯೇ, ಒಂದು ಕಿಂಡಿಗೆ ಒಬ್ಬ ಗಿರಾಕಿ. ಥಾಮಸ್ ಎಡಿಸನ್ ಅವರ ಕೈನೆಟೋಸ್ಕೋಪ್ ಇದು. ತಯಾರಾದದ್ದು ಹಡ್ಸನ್ ನದಿಯ ಆಚೆ, ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ. ಚಿತ್ರವನ್ನು ಗೋಡೆಯ ಮೇಲೆ ಬಿಟ್ಟು ನೂರು ಜನಕ್ಕೆ ಒಟ್ಟಿಗೆ ತೋರಿಸುವುದಕ್ಕೆ ಎಡಿಸನ್ ಮೊದಮೊದಲು ಒಲವು ತೋರಲಿಲ್ಲ. ಪೆಟ್ಟಿಗೆಗಳು ಚೆನ್ನಾಗಿಯೇ ಮಾರಾಟವಾಗುತ್ತಿದ್ದವು. ಆದರೆ ಎರಡೇ ವರ್ಷದಲ್ಲಿ, 1896ರ ಏಪ್ರಿಲ್ 23ರಂದು, 34ನೇ ಬೀದಿಯ ಕೋಸ್ಟರ್ ಅಂಡ್ ಬಿಯಲ್ ಸಂಗೀತ ಸಭಾಂಗಣದಲ್ಲಿ ಅವರ ಹೆಸರಿನಲ್ಲೇ ವೈಟಾಸ್ಕೋಪ್ ಪರದೆ ಏರಿತು. ಸಿನಿಮಾ ಎಲ್ಲರದಾಗಲು ಹೊರಟದ್ದು ಆಗ. ಕಿಂಡಿಯ ಪೆಟ್ಟಿಗೆಗಳು ಕೆಲವೇ ವರ್ಷಗಳಲ್ಲಿ ಮೂಲೆ ಸೇರಿದವು.

ಅಂಥ ಒಬ್ಬರ ಕಿಂಡಿಯೇ ಈಗ ಮುಖಕ್ಕೆ ಕಟ್ಟಿಕೊಳ್ಳುವ ಯಂತ್ರವಾಗಿ ಮರಳಿದೆ. ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್ ಆಟಗಳ ಬಗ್ಗೆ ಹತ್ತು ವರ್ಷಗಳಿಂದ ಕೇಳಿಬರುತ್ತಿರುವ ಪ್ರಶ್ನೆ, ಇದು ಎಂದು ಅಗ್ಗವಾದೀತು, ಎಂದು ಮನೆಮನೆಗೆ ಬಂದೀತು ಎಂಬುದು. ಕೇಳುವವರು ಎರಡನ್ನೂ ಒಂದೇ ಪ್ರಶ್ನೆ ಎಂದು ಹಿಡಿದುಕೊಂಡಿರುತ್ತಾರೆ. ಬೆಲೆ ಇಳಿದರೆ ಸಾಕು, ಜನ ತಾವಾಗಿ ಮುಗಿಬೀಳುತ್ತಾರೆ ಎಂಬ ಲೆಕ್ಕ. ನ್ಯೂಯಾರ್ಕ್–ನ್ಯೂಜೆರ್ಸಿಯ ಈ ಸೀಮೆಯಲ್ಲಿ ಕೂತು ನೋಡಿದರೆ ಆ ಲೆಕ್ಕ ಕೂಡುವುದಿಲ್ಲ. ಬೆಲೆ ಇಳಿದಾಗಿದೆ. ಇಳಿದೂ ಐದು ವರ್ಷ ಕಳೆದಿದೆ. ಜನ ಕೊಂಡರು, ಆಡಿದರು, ಬಹಳ ಮಂದಿ ಪೆಟ್ಟಿಗೆಗೆ ಹಾಕಿ ಎತ್ತಿಟ್ಟರು. ಹಾಗೇಕಾಯಿತು ಎಂಬುದೇ ಈಗ ನೋಡಬೇಕಾದ ಸಂಗತಿ.

ಈ ಯಂತ್ರದ ಕನಸು ಈ ಊರಿಗೆ ಹೊಸದಲ್ಲ. ನ್ಯೂಯಾರ್ಕ್‌ನಲ್ಲೇ ಹುಟ್ಟಿದ ಛಾಯಾಗ್ರಾಹಕ ಮಾರ್ಟನ್ ಹೈಲಿಗ್ 1962ರಲ್ಲಿ ಸೆನ್ಸೊರಾಮಾ ಎಂಬ ಯಂತ್ರಕ್ಕೆ ಪೇಟೆಂಟ್ ಪಡೆದರು. ಕುರ್ಚಿಯ ಮೇಲೆ ಕೂತು ಮುಖವನ್ನು ಗೂಡಿನೊಳಗೆ ತೂರಿಸಿದರೆ ಬ್ರೂಕ್ಲಿನ್ ಬೀದಿಗಳಲ್ಲಿ ಮೋಟಾರ್‌ಸೈಕಲ್ ಸವಾರಿ: ಮುಖಕ್ಕೆ ಫ್ಯಾನಿನ ಗಾಳಿ, ಕೂತ ಕುರ್ಚಿಗೆ ಅದುರು, ಮೂಗಿಗೆ ಬೀದಿಯ ವಾಸನೆ. ಹಣ ಹೂಡುವವರು ಸಿಗದೆ ಅದು ಅಲ್ಲಿಗೇ ನಿಂತಿತು. ಒಬ್ಬ ನೋಡುಗನಿಗಾಗಿ ಅಷ್ಟು ದೊಡ್ಡ ಯಂತ್ರ ಎಂದರೆ ಯಾವ ಹೂಡಿಕೆದಾರ ತಾನೇ ಚೀಲ ಬಿಚ್ಚಿಯಾನು?

ಅಗ್ಗದ ಮಾತಿಗೆ ಬಂದರೆ ನನಗೆ ಎಲ್ಲಕ್ಕಿಂತ ಪಾಠ ಹೇಳುವಂತೆ ಕಾಣುವುದು 1989ರ ಪವರ್ ಗ್ಲೋವ್. ಕ್ಯಾಲಿಫೋರ್ನಿಯಾದಲ್ಲಿ ಜರಾನ್ ಲ್ಯಾನಿಯರ್ ಅವರ ವಿಪಿಎಲ್ ಕಂಪನಿ ಡೇಟಾಗ್ಲೋವ್ ಎಂಬ ಕೈಗವಸು ಮಾಡುತ್ತಿತ್ತು. ಬೆರಳು ಮಡಿಸಿದರೆ ಗವಸಿನಲ್ಲಿ ಹಾಯಿಸಿದ ಆಪ್ಟಿಕಲ್ ಫೈಬರ್‌ನ ಬೆಳಕು ಕುಗ್ಗುತ್ತಿತ್ತು, ಕಂಪ್ಯೂಟರ್ ಅದನ್ನು ಅಳೆದು ಕೈಯ ಆಕಾರ ತಿಳಿಯುತ್ತಿತ್ತು. ಬೆಲೆ ಸಾವಿರಾರು ಡಾಲರ್. ಕೊಳ್ಳುವವರು ನಾಸಾದಂಥ ಪ್ರಯೋಗಾಲಯಗಳು. ಇದನ್ನು ಮಕ್ಕಳ ಆಟಿಕೆ ಮಾಡಬಹುದು ಎಂದು ಹೊರಟದ್ದು ನ್ಯೂಯಾರ್ಕಿನ ಏಬ್ರಮ್ಸ್ ಜೆಂಟೈಲ್ ಎಂಟರ್‌ಟೈನ್‌ಮೆಂಟ್ ಎಂಬ ಸಣ್ಣ ಸಂಸ್ಥೆ. ಅದರ ಮಾರ್ಟಿ ಏಬ್ರಮ್ಸ್ ಆಟಿಕೆ ವ್ಯಾಪಾರದಲ್ಲಿ ಪಳಗಿದವರು, ಹಿಂದೆ ಮೆಗೋ ಕಂಪನಿ ನಡೆಸಿದವರು. ಫೈಬರ್ ಬಿಟ್ಟು ವಿದ್ಯುತ್ ಹರಿಯುವ ಶಾಯಿಯ ಪಟ್ಟಿ ಹಾಕಿದರು. ಪಟ್ಟಿ ಬಾಗಿದರೆ ವಿದ್ಯುತ್ತಿಗೆ ತಡೆ ಹೆಚ್ಚುತ್ತದೆ, ಅಷ್ಟರಿಂದಲೇ ಬೆರಳಿನ ಬಾಗು ತಿಳಿಯಿತು. ಕೈ ಎಲ್ಲಿದೆ ಎಂಬುದನ್ನು ಶಬ್ದತರಂಗದಿಂದ ಹಿಡಿದರು. ಮ್ಯಾಟೆಲ್ ಅದನ್ನು 75 ಡಾಲರ್ ಆಸುಪಾಸಿಗೆ, ನಿಂಟೆಂಡೊ ಯಂತ್ರಕ್ಕೆ ಜೋಡಿಸುವ ಸಾಧನವಾಗಿ ಮಾರಿತು.

ನನಗೆ ತಿಳಿದಂತೆ ಇಂದಿಗೂ ಇದಕ್ಕಿಂತ ದೊಡ್ಡ ಬೆಲೆ ಇಳಿತ ಈ ಕ್ಷೇತ್ರದಲ್ಲಿ ಆಗಿಲ್ಲ. ಹತ್ತು ಲಕ್ಷದ ಆಸುಪಾಸು ಗವಸು ಹೋದವು. ಆಮೇಲೇನಾಯಿತು? ಗವಸಿಗೆಂದೇ ಮಾಡಿದ ಆಟಗಳು ಎರಡೇ ಎರಡು ಬಂದವು. ಉಳಿದ ಆಟಗಳನ್ನು ಆಡಲು ಗುಂಡಿಗಳ ಸಂಕೇತಗಳನ್ನು ಕೈಯಾರೆ ಒತ್ತಿ ತುಂಬಬೇಕಿತ್ತು, ತೋಳು ಎತ್ತಿ ಹಿಡಿದೇ ಇರಬೇಕಿತ್ತು. ಸಾಮಾನ್ಯ ಕಂಟ್ರೋಲರ್‌ನಲ್ಲಿ ಹೆಬ್ಬೆರಳು ಆಡಿಸಿದರೆ ಆಗುವ ಕೆಲಸಕ್ಕೆ ಇಲ್ಲಿ ಭುಜ ನೋಯುತ್ತಿತ್ತು. ವರ್ಷದೊಳಗೆ ಗವಸು ಅಂಗಡಿಯ ಕಪಾಟಿನಿಂದ ಮರೆಯಾಯಿತು. ಅಗ್ಗವಾದರೆ ಕೊಳ್ಳುತ್ತಾರೆ ಎಂಬ ಮಾತಿನ ಮೊದಲರ್ಧ ಅಂದೇ ನಿಜವಾಯಿತು. ಕೊಂಡ ಮೇಲೆ ಆಡುತ್ತಾರೆಯೇ ಎಂಬ ದ್ವಿತೀಯಾರ್ಧ ಸುಳ್ಳಾದದ್ದೂ ಅಂದೇ.

1995ರ ನಿಂಟೆಂಡೊ ವರ್ಚುವಲ್ ಬಾಯ್ 180 ಡಾಲರಿಗೆ ಸಿಗುತ್ತಿತ್ತು. ಕೆಂಪು ಗೆರೆಗಳಲ್ಲಷ್ಟೇ ಕಾಣುವ ಚಿತ್ರ, ಮೇಜಿನ ಮೇಲೆ ಬಗ್ಗಿ ಆಡುವ ಕಷ್ಟ. ಏಳು ಲಕ್ಷ ಎಪ್ಪತ್ತು ಸಾವಿರ ಮಾರಾಟವಾಗುವಷ್ಟರಲ್ಲಿ ಕಂಪನಿ ಕೈಬಿಟ್ಟಿತು. ಅದರ ಬಗ್ಗೆ ಇಷ್ಟು ಸಾಕು.

ಪೂರ್ತಿ ಪುಕ್ಕಟೆ ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗವೂ ಈ ಊರಿನಲ್ಲೇ ನಡೆಯಿತು. 2015ರ ನವೆಂಬರ್ ಮೊದಲ ವಾರಾಂತ್ಯ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ತನ್ನ ಮನೆ ಚಂದಾದಾರರಿಗೆ ಭಾನುವಾರದ ಸಂಚಿಕೆಯ ಜೊತೆ ಗೂಗಲ್ ಕಾರ್ಡ್‌ಬೋರ್ಡ್ ಹಂಚಿತು. ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ. ರಟ್ಟನ್ನು ಮಡಚಿ, ಎರಡು ಪ್ಲಾಸ್ಟಿಕ್ ಲೆನ್ಸುಗಳ ಮುಂದೆ ಮೊಬೈಲ್ ಸಿಕ್ಕಿಸಿದರೆ ಮುಗಿಯಿತು. ಮೂವರು ನಿರಾಶ್ರಿತ ಮಕ್ಕಳನ್ನು ಕುರಿತ 'ದಿ ಡಿಸ್‌ಪ್ಲೇಸ್ಡ್' ಎಂಬ ಚಿತ್ರವನ್ನು ಅದರಲ್ಲಿ ನೋಡಬಹುದಿತ್ತು. ಪೇಪರ್ ಹಾಕುವ ಹುಡುಗ ಬಾಗಿಲಿಗೆ ಎಸೆದು ಹೋಗುವ ವಸ್ತುವಾಯಿತು ವಿಆರ್; ಅದಕ್ಕಿಂತ ಅಗ್ಗ ಇನ್ನೇನಿದೆ? ಆದರೆ ಆ ರಟ್ಟಿನ ಡಬ್ಬಿ ತಲೆ ತಿರುಗಿಸಿದ್ದನ್ನು ಬಲ್ಲದು, ಒಂದು ಹೆಜ್ಜೆ ಮುಂದಿಟ್ಟದ್ದನ್ನು ಅರಿಯದು. ಕೈಗಳು ಡಬ್ಬಿಯನ್ನು ಹಿಡಿಯುವುದರಲ್ಲೇ ಕಳೆದುಹೋಗುತ್ತವೆ. ನೋಡಬಹುದು, ಆಡಲಾಗದು. ಮೊಬೈಲಿನ ಬ್ಯಾಟರಿ ಕರಗುತ್ತದೆ, ಹತ್ತು ನಿಮಿಷಕ್ಕೆ ಹೊಟ್ಟೆ ತೊಳಸುತ್ತದೆ. ಗೂಗಲ್ 2021ರಲ್ಲಿ ಅದರ ಮಾರಾಟ ನಿಲ್ಲಿಸಿತು. 2023ರ ಐಪಿಎಲ್ ಹೊತ್ತಿಗೆ ಭಾರತದಲ್ಲಿ ಜಿಯೋ 1,299 ರೂಪಾಯಿಗೆ ಮಾರಿದ ಜಿಯೋಡೈವ್ ಕೂಡ ಇದೇ ಜಾತಿಗೆ ಸೇರಿದ್ದು. ಇಂಥ ಅಗ್ಗದ ವಿಆರ್, ವಿಆರ್‌ನ ಹೆಸರು ಕೆಡಿಸಿತು ಎಂದೇ ನನ್ನ ಅಭಿಪ್ರಾಯ. ಒಮ್ಮೆ ತಲೆಸುತ್ತು ಬಂದವರು ಎರಡನೇ ಸಲ ಕಣ್ಣಿಡಲು ಮುಂದಾಗುವುದಿಲ್ಲ.

ಇತ್ತ ನಿಜವಾದ ಯಂತ್ರಗಳು ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ಮಾರ್ಚ್‌ನಲ್ಲಿ ಆಕ್ಯುಲಸ್ ರಿಫ್ಟ್ 599 ಡಾಲರ್, ಏಪ್ರಿಲ್‌ನಲ್ಲಿ ಎಚ್‌ಟಿಸಿ ವೈವ್ 799, ಅಕ್ಟೋಬರ್‌ನಲ್ಲಿ ಸೋನಿಯ ಪ್ಲೇಸ್ಟೇಷನ್ ವಿಆರ್ 399. ಮೊದಲ ಎರಡಕ್ಕೆ ಗ್ರಾಫಿಕ್ಸ್ ಕಾರ್ಡಿರುವ ಕಂಪ್ಯೂಟರ್ ಬೇರೆ ಬೇಕು. ಎಲ್ಲ ಸೇರಿ ಒಂದೂವರೆ ಸಾವಿರ ಡಾಲರ್ ದಾಟುತ್ತಿತ್ತು. ಇಷ್ಟು ಕೊಟ್ಟು ಮನೆಗೆ ಯಾರು ತರುತ್ತಾರೆ, ಜನ ಹೊರಗೆ ಬಂದು ಬಾಡಿಗೆಗೆ ಆಡಲಿ ಎಂಬ ಯೋಚನೆ ಮ್ಯಾನ್‌ಹಾಟನ್‌ನಲ್ಲಿ ಹುಟ್ಟಿದ್ದು ಸಹಜ. 2016ರ ಜುಲೈನಲ್ಲಿ ಟೈಮ್ಸ್ ಸ್ಕ್ವೇರ್‌ನ ಮೇಡಂ ಟುಸಾಡ್ಸ್‌ನಲ್ಲಿ ಯೂಟಾದ ದಿ ವಾಯ್ಡ್ ಕಂಪನಿ ಘೋಸ್ಟ್‌ಬಸ್ಟರ್ಸ್ ಆಟ ತೆರೆಯಿತು. ಮರುವರ್ಷ ಕಿಪ್ಸ್ ಬೇಯ ಎಎಂಸಿ ಚಿತ್ರಮಂದಿರದಲ್ಲಿ ಐಮ್ಯಾಕ್ಸ್ ತನ್ನ ವಿಆರ್ ಕೇಂದ್ರ ತೆರೆಯಿತು. ಎಂಪೈರ್ ಸ್ಟೇಟ್ ಕಟ್ಟಡದ ಬುಡದಲ್ಲಿ, 34ನೇ ಬೀದಿಯಲ್ಲಿ, ವಿಆರ್ ವರ್ಲ್ಡ್ ಎಂಬ ಹಲವು ಮಹಡಿಗಳ ಆಟದ ಮನೆ ಬಂತು. ನಗರಾಡಳಿತ ತಾನೂ ಹಿಂದುಳಿಯಬಾರದೆಂದು 60 ಲಕ್ಷ ಡಾಲರ್ ತೆಗೆದಿಟ್ಟು ಬ್ರೂಕ್ಲಿನ್ ನೇವಿ ಯಾರ್ಡ್‌ನಲ್ಲಿ ಆರ್‌ಲ್ಯಾಬ್ ಎಂಬ ಕೇಂದ್ರ ಕಟ್ಟಿಸಿತು. ನಡೆಸುವ ಹೊಣೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಟ್ಯಾಂಡನ್ ಎಂಜಿನಿಯರಿಂಗ್ ಕಾಲೇಜಿನದಾಗಿತ್ತು.

ಈ ಆರ್ಕೇಡ್‌ಗಳ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಸಿನಿಮಾ ಮಂದಿರದಲ್ಲಿ ಒಬ್ಬ ನೌಕರ ಟಿಕೆಟ್ ಹರಿದರೆ ಇನ್ನೂರು ಜನ ಒಳಗೆ ಹೋಗುತ್ತಾರೆ, ಎರಡು ಗಂಟೆ ತಮ್ಮ ಪಾಡಿಗೆ ಕೂರುತ್ತಾರೆ, ಪಾಪ್‌ಕಾರ್ನ್ ಕೊಳ್ಳುತ್ತಾರೆ. ವಿಆರ್‌ನಲ್ಲಿ ಪ್ರತಿಯೊಬ್ಬ ಗಿರಾಕಿಗೂ ಯಂತ್ರ ತೊಡಿಸಬೇಕು, ಪಟ್ಟಿ ಬಿಗಿಸಬೇಕು, ಹೇಗೆ ಆಡುವುದೆಂದು ಹೇಳಬೇಕು, ಗೋಡೆಗೆ ಗುದ್ದಿಕೊಳ್ಳದಂತೆ ಕಾಯಬೇಕು, ಬಿಚ್ಚಿದ ಮೇಲೆ ಬೆವರು ಒರೆಸಬೇಕು. ಹದಿನೈದು ನಿಮಿಷದ ಆಟಕ್ಕೆ ಐದು ನಿಮಿಷದ ಉಪಚಾರ. ಆಡುವ ಪ್ರತಿಯೊಬ್ಬನೂ ಒಂದು ಕೋಣೆಯಷ್ಟು ಜಾಗ ತಿನ್ನುತ್ತಾನೆ, ಅದೂ ಮಿಡ್‌ಟೌನ್ ಬಾಡಿಗೆಯಲ್ಲಿ. ಹಾಗಾಗಿ ಟಿಕೆಟ್ ದರ ಇಳಿಸಲು ಬರಲಿಲ್ಲ. ದರ ಇಳಿಯದೆ ಒಮ್ಮೆ ಬಂದವರು ಮತ್ತೆ ಬರಲಿಲ್ಲ. ಪ್ರವಾಸಿಗರಿಗೆ ಸರಿ, ವಾರವಾರ ಬರುವ ನೆರೆಹೊರೆಯ ಹುಡುಗರಿಗೆ ಅದು ಎಟುಕದ ಮಾತು. ಐಮ್ಯಾಕ್ಸ್ 2018ರ ಕೊನೆಗೆ ವಿಆರ್ ವ್ಯವಹಾರವನ್ನೇ ಮುಚ್ಚುವುದಾಗಿ ಸಾರಿತು. 2020ರ ಸಾಂಕ್ರಾಮಿಕ ಬಂದಾಗ, ಇನ್ನೊಬ್ಬರ ಮುಖದ ಮೇಲಿದ್ದದ್ದನ್ನು ತೆಗೆದು ತನ್ನ ಮುಖಕ್ಕೆ ಇಟ್ಟುಕೊಳ್ಳುವ ವ್ಯಾಪಾರಕ್ಕೆ ಏನಾಗಬೇಕೋ ಅದೇ ಆಯಿತು. ದಿ ವಾಯ್ಡ್ ಬಾಗಿಲು ಹಾಕಿತು. ಸ್ಯಾಂಡ್‌ಬಾಕ್ಸ್ ವಿಆರ್ ಎಂಬ ಕಂಪನಿ ಆ ಆಗಸ್ಟ್‌ನಲ್ಲಿ ದಿವಾಳಿ ರಕ್ಷಣೆಗೆ ಮೊರೆ ಹೋಗಿ, ಸಾಲ ಹೊಂದಿಸಿಕೊಂಡು ಎದ್ದುಬಂತು. ಇಂದು ಅದು ತಲೆಗೆ 50 ಡಾಲರ್ ಆಸುಪಾಸು ತೆಗೆದುಕೊಂಡು ಆರು ಜನರ ಗುಂಪನ್ನು ಒಂದೇ ಆಟಕ್ಕೆ ಇಳಿಸುತ್ತದೆ. ಬರುವವರು ಹುಟ್ಟುಹಬ್ಬದ ಪಾರ್ಟಿಯವರು, ಆಫೀಸಿನ ತಂಡಗಳು. ಒಬ್ಬೊಬ್ಬರಾಗಿ ಬಂದು ಆಡುವ ಅಂಗಡಿಗಳು ಉಳಿಯಲಿಲ್ಲ, ಗುಂಪಾಗಿ ಬಂದು ಆಡುವ ಅಂಗಡಿ ಉಳಿಯಿತು.

ಬೆಲೆ ನಿಜವಾಗಿ ಕುಸಿದದ್ದು ಮನೆಯ ಯಂತ್ರದಲ್ಲಿ. 2019ರ ಮೇ ತಿಂಗಳಲ್ಲಿ ಫೇಸ್‌ಬುಕ್ ಕಂಪ್ಯೂಟರೂ ಬೇಡ ತಂತಿಯೂ ಬೇಡ ಎನ್ನುವ ಕ್ವೆಸ್ಟ್ ತಂದಿತು, 399 ಡಾಲರ್. ಮರುವರ್ಷದ ಅಕ್ಟೋಬರ್‌ಗೆ ಕ್ವೆಸ್ಟ್ 2, 299 ಡಾಲರ್. ನಾಲ್ಕು ವರ್ಷದ ಹಿಂದೆ ಒಂದೂವರೆ ಸಾವಿರಕ್ಕೆ ಸಿಗುತ್ತಿದ್ದ ಅನುಭವ ಐದನೇ ಒಂದು ಪಾಲಿಗೆ ಇಳಿಯಿತು. ಇದು ಸಾಧ್ಯವಾದದ್ದು ಬಹುಪಾಲು ಮೊಬೈಲ್ ಫೋನ್‌ಗಳ ಪುಣ್ಯದಿಂದ. ಚಿಪ್ ಫೋನಿನ ಚಿಪ್‌ನ ತಮ್ಮ, ಕ್ಯಾಮೆರಾಗಳು ಫೋನಿನವು, ಪರದೆಯೂ ಫೋನ್ ಕಾರ್ಖಾನೆಗಳು ಕಲಿಸಿದ್ದೇ.

ಪರದೆಯ ಮಾತು ಬಂದಾಗ ನ್ಯೂಜೆರ್ಸಿಯನ್ನು ನೆನೆಯದೆ ಮುಂದೆ ಹೋಗಲಾಗದು. ಆರ್‌ಸಿಎ ಕಂಪನಿಯ ಪ್ರಿನ್ಸ್‌ಟನ್ ಪ್ರಯೋಗಾಲಯದಲ್ಲಿ ಜಾರ್ಜ್ ಹೈಲ್‌ಮೇಯರ್ ತಂಡ ಕಟ್ಟಿದ ದ್ರವ ಹರಳಿನ ಪರದೆಯನ್ನು, ಅಂದರೆ ಎಲ್‌ಸಿಡಿಯನ್ನು, 1968ರ ಮೇ ತಿಂಗಳಲ್ಲಿ ಮ್ಯಾನ್‌ಹಾಟನ್‌ನ ರಾಕ್‌ಫೆಲರ್ ಪ್ಲಾಜಾದಲ್ಲಿ ಪತ್ರಕರ್ತರಿಗೆ ತೋರಿಸಲಾಯಿತು. ಆರ್‌ಸಿಎಗೆ ಅದನ್ನು ಸರಕು ಮಾಡುವ ಮನಸ್ಸಿರಲಿಲ್ಲ, ಜಪಾನಿನವರು ಮಾಡಿದರು. ಅದಕ್ಕಿಂತ ಚೆಂದದ ಕಪ್ಪು ಕೊಡುವ ಒಎಲ್‌ಇಡಿ ಪರದೆಯ ಒಂದು ಮುಖ್ಯ ಹೆಜ್ಜೆ, ಹೊಳೆಯುವ ವಸ್ತುವಿನಿಂದ ಹೆಚ್ಚು ಬೆಳಕು ಹಿಂಡುವ ವಿಧಾನ, 1990ರ ದಶಕದಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಸ್ಟೀಫನ್ ಫಾರೆಸ್ಟ್ ಮತ್ತು ಮಾರ್ಕ್ ಥಾಂಪ್ಸನ್ ತಂಡಗಳಿಂದ ಬಂತು. ಅದನ್ನು ವ್ಯಾಪಾರವಾಗಿಸಿದ ಯೂನಿವರ್ಸಲ್ ಡಿಸ್‌ಪ್ಲೇ ಕಂಪನಿ ಇಂದಿಗೂ ಪ್ರಿನ್ಸ್‌ಟನ್ ಪಕ್ಕದ ಯೂಯಿಂಗ್‌ನಲ್ಲಿದೆ, ಸ್ಯಾಮ್ಸಂಗ್‌ಗೆ ವಸ್ತು ಒದಗಿಸುತ್ತದೆ. ಮೊದಲ ರಿಫ್ಟ್, ವೈವ್, ಕ್ವೆಸ್ಟ್ ಎಲ್ಲದರಲ್ಲೂ ಕಣ್ಣಿಗೊಂದರಂತೆ ಎರಡು ಒಎಲ್‌ಇಡಿ ಇದ್ದವು. ಬೆಲೆ ಇಳಿಸಲೇಬೇಕೆಂದಾಗ ಕ್ವೆಸ್ಟ್ 2ಕ್ಕೆ ಹಾಕಿದ್ದು ಒಂದೇ ಒಂದು ಎಲ್‌ಸಿಡಿ. ಕಪ್ಪು ಸ್ವಲ್ಪ ಬೂದಿಯಾಯಿತು, ನೂರು ಡಾಲರ್ ಉಳಿಯಿತು. ಇದರ ಎದುರು ತುದಿಯಲ್ಲಿರುವುದು ಸಿಲಿಕಾನ್ ಬಿಲ್ಲೆಯ ಮೇಲೆಯೇ ಬೆಳೆಸುವ ಅಂಚೆಚೀಟಿ ಗಾತ್ರದ ಒಎಲ್‌ಇಡಿ. ಅದರಲ್ಲಿ ಪಳಗಿದ ಇಮ್ಯಾಜಿನ್ ಕಂಪನಿ ನ್ಯೂಯಾರ್ಕ್ ರಾಜ್ಯದ ಹೋಪ್‌ವೆಲ್ ಜಂಕ್ಷನ್‌ನಲ್ಲಿತ್ತು. ಅಮೆರಿಕದ ಸೇನೆ ಅದರ ದೊಡ್ಡ ಗಿರಾಕಿ. 2023ರಲ್ಲಿ ಸ್ಯಾಮ್ಸಂಗ್ ಡಿಸ್‌ಪ್ಲೇ ಅದನ್ನು 21.8 ಕೋಟಿ ಡಾಲರಿಗೆ ಕೊಂಡಿತು. ಇಂಥ ಪರದೆ ಹಾಕಿದ ಆಪಲ್ ವಿಷನ್ ಪ್ರೋ 3,499 ಡಾಲರಿಗೆ, ಸ್ಯಾಮ್ಸಂಗ್‌ನದೇ ಗ್ಯಾಲಕ್ಸಿ ಎಕ್ಸ್‌ಆರ್ 1,799ಕ್ಕೆ ಬಂದವು. 2024ರ ಫೆಬ್ರುವರಿ 2ರಂದು ಐದನೇ ಅವೆನ್ಯೂವಿನ ಆಪಲ್ ಅಂಗಡಿಯಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ತಾವೇ ನಿಂತು ಬಾಗಿಲು ತೆರೆದರು. ಚೆಂದದ ಯಂತ್ರ. ಆಟದ ಮಾರುಕಟ್ಟೆಗೆ ಅದರಿಂದ ಏನೂ ಆಗಲಿಲ್ಲ.

ಆದರೆ 299 ಡಾಲರ್ ಎಂಬುದು ಪರದೆ ಮತ್ತು ಚಿಪ್‌ಗಳ ಬೆಲೆ ಕೂಡಿಸಿ ಬಂದ ಅಂಕಿ ಅಲ್ಲ. ಯಂತ್ರವನ್ನು ಅಸಲಿಗೋ ಅಸಲಿಗಿಂತ ಕಡಿಮೆಗೋ ಮಾರುತ್ತೇವೆ ಎಂದು ಫೇಸ್‌ಬುಕ್ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ 2021ರಲ್ಲೇ ಹೇಳಿದ್ದರು. ಆಟದ ಅಂಗಡಿಯಲ್ಲಿ ನೂರಕ್ಕೆ ಮೂವತ್ತು ಕಮಿಷನ್ ಬರುತ್ತದೆ, ಮುಂದೊಂದು ದಿನ ಎಲ್ಲರೂ ಅದರೊಳಗೇ ಬದುಕುತ್ತಾರೆ ಎಂಬ ನಂಬಿಕೆ. ಆ ವರ್ಷವೇ ಮೆಟಾ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯ ರಿಯಾಲಿಟಿ ಲ್ಯಾಬ್ಸ್ ವಿಭಾಗದ ನಷ್ಟ 2022ರಲ್ಲಿ 13.7, 2023ರಲ್ಲಿ 16.1, 2024ರಲ್ಲಿ 17.7 ಶತಕೋಟಿ ಡಾಲರ್. ಎಲ್ಲವೂ ಆಟದ ಯಂತ್ರಕ್ಕೆ ಹೋದದ್ದಲ್ಲ, ಕನ್ನಡಕಗಳ ಸಂಶೋಧನೆಯೂ ಇದರಲ್ಲೇ ಸೇರಿದೆ. ಆದರೂ ಮೂರು ವರ್ಷದ ಮೊತ್ತ ಕರ್ನಾಟಕ ಸರ್ಕಾರದ 2024–25ರ ಇಡೀ ಬಜೆಟ್ ಗಾತ್ರವನ್ನು, ಮೂರು ಲಕ್ಷ 71 ಸಾವಿರ ಕೋಟಿ ರೂಪಾಯಿಗಳನ್ನು, ಮೀರುತ್ತದೆ. ಜಾಹೀರಾತಿನಿಂದ ಬಂದ ಹಣವನ್ನು ಸುರಿದು ಕೆಳಗಿಳಿಸಿದ ಬೆಲೆ ಇದು. ಆ ಹಣದ ಹರಿವು ತಡೆದಾಗಲೆಲ್ಲ ಬೆಲೆ ಮೇಲೇರುತ್ತದೆ. 2022ರ ಆಗಸ್ಟ್‌ನಲ್ಲಿ ಎರಡು ವರ್ಷ ಹಳೆಯದಾಗಿದ್ದ ಕ್ವೆಸ್ಟ್ 2ರ ಬೆಲೆ ನೂರು ಡಾಲರ್ ಏರಿತು. ಮರುವರ್ಷ ಮತ್ತೆ ಇಳಿಸಿದರು. 2024ರ ಅಕ್ಟೋಬರ್‌ನಲ್ಲಿ ಆ ಜಾಗಕ್ಕೆ ಕ್ವೆಸ್ಟ್ 3ಎಸ್ ಬಂತು, ಮತ್ತೆ 299 ಡಾಲರ್ 99 ಸೆಂಟ್.

ಈಗ 2025ರಲ್ಲಿ ಅದನ್ನು ಕೊಂಡವರ ಚೀಟಿ ಬರೆಯೋಣ. ಮ್ಯಾನ್‌ಹಾಟನ್‌ನಲ್ಲಿ ಮಾರಾಟ ತೆರಿಗೆ 8.875 ಶೇಕಡ, ಹಾಗಾಗಿ 3ಎಸ್‌ಗೆ 326 ಡಾಲರ್ 61 ಸೆಂಟ್. ನದಿ ದಾಟಿ ನ್ಯೂಜೆರ್ಸಿಗೆ ಬಂದರೆ 6.625, ಒಟ್ಟು 319.86. ಎಲಿಜಬೆತ್, ಜೆರ್ಸಿ ಸಿಟಿಯಂಥ ಊರುಗಳ ಉದ್ಯಮ ವಲಯದಲ್ಲಿ ನೋಂದಾಯಿತ ಅಂಗಡಿಗೆ ಖುದ್ದಾಗಿ ಹೋಗಿ ಕೊಂಡರೆ ಅದರ ಅರ್ಧ ತೆರಿಗೆ, ಸುಮಾರು 310. ಇಲ್ಲಿನ ಕನ್ನಡಿಗರು ಇದನ್ನು ಬಲ್ಲರು. ಕನ್ನಡಕ ಹಾಕುವ ಮಗುವಾದರೆ ಯಂತ್ರದೊಳಗೆ ಕೂರಿಸುವ ನಂಬರಿನ ಲೆನ್ಸಿಗೆ ಇನ್ನೊಂದು 50. ಜೊತೆಗೆ ಬರುವ ಬಟ್ಟೆಯ ಪಟ್ಟಿ ತಲೆ ಒತ್ತುತ್ತದೆ, ಗಟ್ಟಿ ಪಟ್ಟಿಗೆ ಮತ್ತಷ್ಟು. ಬೀಟ್ ಸೇಬರ್ ಎಂಬ ಸಂಗೀತದ ಆಟ 30 ಡಾಲರ್, ಹಾಡುಗಳ ಕಂತೆ ಬೇರೆ. ಮೊದಲ ವರ್ಷಕ್ಕೆ 450 ಎಂದಿಟ್ಟುಕೊಳ್ಳಬಹುದು. 2025ರಲ್ಲಿ ನ್ಯೂಜೆರ್ಸಿಯ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ 49 ಸೆಂಟ್. ಬರಿಯ ಯಂತ್ರಕ್ಕೇ ಇಪ್ಪತ್ತು ಗಂಟೆಯ ದುಡಿಮೆ ಸಾಲದು. ಗೋದಾಮಿನಲ್ಲಿ ದುಡಿಯುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೆ ಅದೇ ಮನೆಗಳಲ್ಲಿ 800 ಡಾಲರಿನ ಫೋನ್ ಕಂತಿನ ಮೇಲೆ ಇರುತ್ತದೆ, ಏಕೆಂದರೆ ಫೋನ್ ದಿನವಿಡೀ ಕೆಲಸಕ್ಕೆ ಬರುತ್ತದೆ.

ಬೆಲೆಯೇ ಅಡ್ಡಿ ಎನ್ನುವವರ ಮುಂದೆ ನಾನು ಇಡುವುದು ಒಂದೇ ಜೋಡಿ ಅಂಕಿ. ಕೈಲಿ ಹಿಡಿದು ಆಡುವ ನಿಂಟೆಂಡೊ ಸ್ವಿಚ್ 2017ರಲ್ಲಿ 299 ಡಾಲರಿಗೆ ಬಂದು, ಎಂಟು ವರ್ಷದಲ್ಲಿ ಲೋಕದಾದ್ಯಂತ 15 ಕೋಟಿಗೂ ಮೀರಿ ಮಾರಾಟವಾಯಿತು. ಅದೇ 299ಕ್ಕೆ ಕ್ವೆಸ್ಟ್ 2 ಬಂತು. ಕ್ವೆಸ್ಟ್ ಸರಣಿಯ ಎಲ್ಲ ಯಂತ್ರಗಳೂ ಸೇರಿ 2023ರ ಆರಂಭದ ಹೊತ್ತಿಗೆ ಮಾರಾಟವಾದದ್ದು ಎರಡು ಕೋಟಿ. ಆ ಅಂಕಿ ಹೊರಗೆ ಬಿದ್ದ ಮೆಟಾದ ಒಳ ಸಭೆಯಲ್ಲೇ ಇನ್ನೊಂದು ಮಾತೂ ಬಂದಿತ್ತು: ಹೊಸದಾಗಿ ಕೊಂಡವರು ಹಳಬರಷ್ಟು ದಿನ ಆಡುತ್ತಿಲ್ಲ.

ಸ್ವಿಚ್ ಎಲ್ಲಿ ಆಡುತ್ತಾರೆ ಎಂದು ನೋಡಲು ಬೆಳಗ್ಗೆ ಮೆಟ್ರೊಪಾರ್ಕ್ ನಿಲ್ದಾಣದಲ್ಲಿ ನ್ಯೂಜೆರ್ಸಿ ಟ್ರಾನ್ಸಿಟ್ ರೈಲು ಹತ್ತಿದರೆ ಸಾಕು. ರೈಲಿನಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಕಾಯುವ ಕಡೆಯೆಲ್ಲ ಆಟ. ಜನಸಾಮಾನ್ಯರ ವಿಡಿಯೋ ಗೇಮ್ ಬದುಕಿರುವುದೇ ಇಂಥ ಚಿಲ್ಲರೆ ಸಮಯದಲ್ಲಿ. ವಿಷನ್ ಪ್ರೋ ಬಂದ ವಾರ ಸಬ್‌ವೇಯಲ್ಲಿ ಅದನ್ನು ತೊಟ್ಟು ಗಾಳಿಯಲ್ಲಿ ಬೆರಳಾಡಿಸಿದವರ ವಿಡಿಯೋಗಳು ಹರಿದಾಡಿದವು. ನೋಡಿ ನಗುವುದಕ್ಕೆ ಚೆನ್ನಾಗಿದ್ದವು. ಕಿಸೆ ಕಳ್ಳರಿರುವ ಊರಿನಲ್ಲಿ ಕಣ್ಣು ಮುಚ್ಚಿಕೊಂಡು ರೈಲಿನಲ್ಲಿ ಕೂರುವವರು ಎಷ್ಟು ಮಂದಿ? ವಿಆರ್ ಆಟಕ್ಕೆ ಬೇಕಾದದ್ದು ಚಿಲ್ಲರೆ ಸಮಯವಲ್ಲ, ಇಡೀ ನೋಟು: ಚಾರ್ಜ್ ಮಾಡಿಟ್ಟ ಯಂತ್ರ, ಖಾಲಿ ಅರ್ಧ ಗಂಟೆ, ಮತ್ತು ಖಾಲಿ ನೆಲ.

ಆ ನೆಲದ ಲೆಕ್ಕವೇ ನನಗೆ ಬೆಲೆಯ ಲೆಕ್ಕಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಓಡಾಡಿ ಆಡುವ ಆಟಕ್ಕೆ ಮೆಟಾ ಹೇಳುವ ಜಾಗ ಆರೂವರೆ ಅಡಿ ಉದ್ದ, ಆರೂವರೆ ಅಡಿ ಅಗಲ. ನಮ್ಮ ಕಡೆಯ ಮಾತಿನಲ್ಲಿ ಅರ್ಧ ಚದರಕ್ಕೂ ಕಡಿಮೆ. ಆದರೆ ಸೋಫಾ, ಟೀಪಾಯಿ, ಫ್ಯಾನು, ಓಡಾಡುವ ತಮ್ಮ ಯಾವುದೂ ಇಲ್ಲದ ಅರ್ಧ ಚದರ. ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲೋ ಜೆರ್ಸಿ ಸಿಟಿಯ ಜರ್ನಲ್ ಸ್ಕ್ವೇರ್‌ನಲ್ಲೋ ಒಂದು ಬೆಡ್‌ರೂಮಿನ ಮನೆಯಲ್ಲಿ ನಾಲ್ವರಿರುವ ಸಂಸಾರಕ್ಕೆ ಈ ಅರ್ಧ ಚದರ ತಿಂಗಳ ಬಾಡಿಗೆಯಲ್ಲಿ ಎಷ್ಟಾಗುತ್ತದೆ ಎಂದು ಗುಣಿಸಿದರೆ, ಯಂತ್ರ ಅಗ್ಗವಾಗಿ ಕಾಣುತ್ತದೆ. ಕೆಳಗಿನ ಮನೆಯವರು ಛಾವಣಿ ತಟ್ಟುವುದು ಬೇರೆ. ಅದೇ ನ್ಯೂಜೆರ್ಸಿಯ ಎಡಿಸನ್, ಪ್ಲೇನ್ಸ್‌ಬರೋ, ಬ್ರಿಡ್ಜ್‌ವಾಟರ್ ಊರುಗಳ ಸ್ವಂತ ಮನೆಗಳಲ್ಲಿ ಕೆಳಗೊಂದು ಬೇಸ್‌ಮೆಂಟ್ ಇರುತ್ತದೆ. ಪಿಂಗ್‌ಪಾಂಗ್ ಮೇಜು, ಗಣೇಶನ ಹಬ್ಬದ ಮಂಟಪ, ಕಾಸ್ಟ್‌ಕೋದಿಂದ ತಂದ ಪೇಪರ್ ಟವಲ್‌ಗಳ ನಡುವೆ ಅರ್ಧ ಚದರವಲ್ಲ, ಐದು ಚದರ ಖಾಲಿ. ಕನ್ನಡ ಸಂಸಾರಗಳು ಸೇರುವ ಪಾಟ್‌ಲಕ್‌ಗಳಲ್ಲಿ ದೊಡ್ಡವರು ಮೇಲೆ ಬಿಸಿಬೇಳೆಬಾತ್ ಬಡಿಸಿಕೊಳ್ಳುವಾಗ ಕೆಳಗೆ ಏಳೆಂಟು ಮಕ್ಕಳು ಒಂದೇ ಕ್ವೆಸ್ಟ್‌ಗೆ ಸರದಿ ನಿಂತಿರುತ್ತಾರೆ. ಆಡುವವನ ನೋಟ ಟೀವಿಯ ಮೇಲೂ ಕಾಣುವಂತೆ ಹಾಕಿಕೊಂಡಿರುತ್ತಾರೆ, ಅವನು ಕೈ ಬೀಸಿದ್ದಕ್ಕೆ ಉಳಿದವರು ಕೂಗುತ್ತಾರೆ. ಅಮೆರಿಕದಲ್ಲಿ ವಿಆರ್‌ಗೆ ಸಿಕ್ಕ ಮಾರುಕಟ್ಟೆ ಉಪನಗರದ ಬೇಸ್‌ಮೆಂಟಿನ ಮಾರುಕಟ್ಟೆ ಎಂದರೆ ತಪ್ಪಾಗದು.

ಆ ಮಕ್ಕಳು ಆಡುತ್ತಿರುವುದು ಬಹುಮಟ್ಟಿಗೆ ಗೊರಿಲ್ಲಾ ಟ್ಯಾಗ್. ಕೆರೆಸ್ಟೆಲ್ ಸ್ಮಿತ್ ಎಂಬೊಬ್ಬರು ಶುರುಮಾಡಿ 2021ರಲ್ಲಿ ಬಿಟ್ಟ ಆಟ. ಕಾಲಿಲ್ಲದ ಕೋತಿಗಳು ನೆಲಕ್ಕೆ ಕೈ ಒತ್ತಿ ಜಿಗಿಯುತ್ತವೆ, ಒಂದು ಇನ್ನೊಂದನ್ನು ಮುಟ್ಟಬೇಕು. ನಮ್ಮ ಮುಟ್ಟಾಟವೇ. ಚಿತ್ರಗಳು ಇಪ್ಪತ್ತು ವರ್ಷ ಹಳೆಯ ಆಟದಂತೆ ಒರಟು. ಆದರೆ ತೋಳು ಬೀಸಿದಷ್ಟೇ ದೇಹ ಚಲಿಸುವುದರಿಂದ ಕಣ್ಣಿಗೂ ಕಿವಿಯೊಳಗಿನ ಸಮತೋಲಕ್ಕೂ ಜಗಳ ಕಡಿಮೆ, ತಲೆಸುತ್ತು ಕಡಿಮೆ. ಒರಟು ಚಿತ್ರವಾದ್ದರಿಂದ ಅತಿ ಅಗ್ಗದ ಯಂತ್ರದಲ್ಲೂ ಓಡುತ್ತದೆ. ಆಟ ಪುಕ್ಕಟೆ, ಕೋತಿಗೆ ಟೋಪಿ, ಅಂಗಿ ಬೇಕಾದರೆ ದುಡ್ಡು. 2024ರ ಜೂನ್ ಹೊತ್ತಿಗೆ ಅದರ ಗಳಿಕೆ 10 ಕೋಟಿ ಡಾಲರ್ ದಾಟಿತ್ತು. ದೊಡ್ಡ ಕಂಪನಿಗಳು ಕೋಟ್ಯಂತರ ಸುರಿದು ಮಾಡಿದ ಗಂಭೀರ ಆಟಗಳಿಗೆ ಸಿಗದ್ದು ಈ ಕೋತಿಗಳಿಗೆ ಸಿಕ್ಕಿತು, ಏಕೆಂದರೆ ಇಲ್ಲಿ ಮಕ್ಕಳು ಬರುವುದು ಸ್ನೇಹಿತರನ್ನು ಕಾಣಲು. ಮಕ್ಕಳ ಕೈಗೆ ಸಿಕ್ಕಿದೆ ಎಂದು ಗೊತ್ತಾದ ಮೇಲೆ ಮೆಟಾ 2023ರಲ್ಲಿ ವಯಸ್ಸಿನ ಮಿತಿಯನ್ನು 13ರಿಂದ 10ಕ್ಕೆ ಇಳಿಸಿತು, ತಂದೆತಾಯಿ ನೋಡಿಕೊಳ್ಳುವ ಖಾತೆಯ ಮೂಲಕ. ಹತ್ತು ವರ್ಷದ ಮಗು ಕಣ್ಣು ಕಟ್ಟಿಕೊಂಡು ಗುರುತಿಲ್ಲದವರ ದನಿಗಳ ನಡುವೆ ಆಡುತ್ತಿದೆ, ಮೇಲಿರುವ ದೊಡ್ಡವರಿಗೆ ಅದರ ಒಂದು ಮಾತೂ ಕೇಳಿಸದು. ಅಗ್ಗದ ಯಂತ್ರ ಮತ್ತು ಪುಕ್ಕಟೆ ಆಟದ ಈ ವೆಚ್ಚ ಯಾವ ಚೀಟಿಯಲ್ಲೂ ಬರುವುದಿಲ್ಲ. ಟೀವಿಗೆ ಜೋಡಿಸಿ ಆಡಿ ಎನ್ನುವ ಮನೆಯ ಕಟ್ಟಳೆ ನನಗೆ ಯಾವ ಕಂಪನಿಯ ಭರವಸೆಗಿಂತ ಮೇಲು ಅನ್ನಿಸುತ್ತದೆ.

ಭಾರತದ ಕಡೆ ಒಂದು ಮಾತು. ಕ್ವೆಸ್ಟ್ ಅಲ್ಲಿ ಬಹುಕಾಲ ಅಧಿಕೃತವಾಗಿ ಮಾರಾಟಕ್ಕೇ ಬರಲಿಲ್ಲ. ಬೆಂಗಳೂರಿಗೆ ಹೋಗುವ ಸೂಟ್‌ಕೇಸ್‌ಗಳಲ್ಲಿ ವಿಟಮಿನ್ ಡಬ್ಬಿ, ಬಾದಾಮಿಗಳ ಜೊತೆ ಅದೂ ಸೇರಿಕೊಂಡು ಹೋಗುತ್ತದೆ. ಸೋನಿಯ ಪಿಎಸ್ ವಿಆರ್ 2 ಅಲ್ಲಿ 57,999 ರೂಪಾಯಿಗೆ ಬಂತು, ಅದಕ್ಕೆ ಪ್ಲೇಸ್ಟೇಷನ್ 5 ಬೇರೆ ಬೇಕು. ಮೊಬೈಲಿನಲ್ಲಿ ಪುಕ್ಕಟೆ ಆಡಿ ಬೆಳೆದ ಊರಿನಲ್ಲಿ ಇದು ಕೆಲವರ ಷೋಕಿಯಾಗಿ ಉಳಿಯುವುದೇ ಸರಿ.

ಮುಂದೇನು ಎಂಬುದಕ್ಕೆ ಸುಳಿವು ಕಂಪನಿಗಳ ನಡೆಯಲ್ಲೇ ಇದೆ. ಮೆಟಾ 2023ರಲ್ಲಿ ರೇ-ಬ್ಯಾನ್ ಜೊತೆಗೂಡಿ ತಂದ ಕ್ಯಾಮೆರಾ ಕನ್ನಡಕದ ಬೆಲೆಯೂ 299ರಿಂದಲೇ ಶುರುವಾಗಿತ್ತು. ಅದರಲ್ಲಿ ಆಟವಿಲ್ಲ, ಪರದೆಯೂ ಇಲ್ಲ. ಆದರೆ ರೈಲಿನಲ್ಲಿ, ಬೀದಿಯಲ್ಲಿ ಹಾಕಿಕೊಂಡು ತಿರುಗಬಹುದು. 2025ರ ಆರಂಭದ ಹೊತ್ತಿಗೆ 20 ಲಕ್ಷ ಮಾರಾಟವಾಗಿವೆ ಎಂದು ತಯಾರಕ ಎಸಿಲೋರ್‌ಲಕ್ಸೋಟಿಕಾ ಹೇಳಿತು. ಕಂಪನಿಯ ಹಣ ಅತ್ತ ಹರಿಯತೊಡಗಿದೆ. ಇತ್ತ 2024ರ ಆಗಸ್ಟ್‌ನಲ್ಲಿ ರೆಡಿ ಅಟ್ ಡಾನ್, 2026ರ ಜನವರಿಯಲ್ಲಿ ಆರ್ಮೇಚರ್, ಸಂಜಾರು, ಟ್ವಿಸ್ಟೆಡ್ ಪಿಕ್ಸೆಲ್ ಎಂಬ ವಿಆರ್ ಆಟದ ಸ್ಟುಡಿಯೋಗಳಿಗೆ ಮೆಟಾ ಬೀಗ ಹಾಕಿತು. ಹಾಗಾಗಿ ಸಬ್ಸಿಡಿಯ ಬೆಲೆ ಹೀಗೆಯೇ ಉಳಿಯುತ್ತದೆ ಎಂದು ಯಾರೂ ನಂಬಿ ಕೂರಬಾರದು. 2025ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಪ್ಲೇಸ್ಟೇಷನ್ 5, ಹಳೆಯ ಸ್ವಿಚ್ ಎರಡರ ಬೆಲೆಯೂ ಏರಿತು. ಯಂತ್ರ ಹಳೆಯದಾದಂತೆ ಅಗ್ಗವಾಗುತ್ತದೆ ಎಂಬ ನಲವತ್ತು ವರ್ಷದ ವಾಡಿಕೆಯೇ ಮುರಿದಿದೆ. ಕೊಳ್ಳಬೇಕೆನ್ನುವವರು ಈಗಲೇ ಕೊಳ್ಳುವುದು ಲೇಸು, ಅದೂ ಬೇಸ್‌ಮೆಂಟ್ ಇದ್ದರೆ.

ಹೀಗೆಂದು ವಿಆರ್ ಆಟ ಸತ್ತಿತು ಎನ್ನುವವರ ಜೊತೆ ನಾನಿಲ್ಲ. ಅದು ಪಿಯಾನೋದಂತೆಯೋ ಟ್ರೆಡ್‌ಮಿಲ್‌ನಂತೆಯೋ ಜಾಗವಿರುವ ಮನೆಗಳ ವಸ್ತುವಾಗಿ, ಕೆಲವು ಕೋಟಿ ಜನರ ಆಟವಾಗಿ ನಿಲ್ಲಬಹುದು. ಅದಕ್ಕಿಂತ ಮುಂದೆ ಹೋಗುತ್ತದೆಯೇ ಎಂಬುದನ್ನು ಗೊರಿಲ್ಲಾ ಟ್ಯಾಗ್‌ನ ಪೀಳಿಗೆ ಹೇಳಬೇಕು. 2022ರಲ್ಲಿ ಹತ್ತು ವರ್ಷವಿದ್ದವರು 2030ಕ್ಕೆ ಕಾಲೇಜು ಸೇರುತ್ತಾರೆ. ನ್ಯೂಜೆರ್ಸಿಯ ರಟ್‌ಗರ್ಸ್ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇಬ್ಬರಿಗೆ ಒಂದು ಕೋಣೆ, ಎರಡು ಮಂಚ, ಎರಡು ಮೇಜು. ತಮ್ಮ ಸ್ವಂತ ದುಡ್ಡಿನಲ್ಲಿ ಕೊಳ್ಳುವ ಮೊದಲ ಆಟದ ಯಂತ್ರವಾಗಿ ಅವರು ಏನನ್ನು ಆರಿಸುತ್ತಾರೆ ಎಂಬುದರ ಮೇಲೆ ಮುಂದಿನ ಕಂಪನಿ ಹಣ ಹೂಡುವುದೋ ಬಿಡುವುದೋ ತೀರ್ಮಾನವಾಗುತ್ತದೆ.